ಅಜ್ಜಿಯ ಅಸ್ತ್ರ ಒಲೆ ಗ್ವಾಟೆಮಾಲಾದಲ್ಲಿ ಸಿಕ್ಕಿತು

ಹತ್ತು ದಿನ ರಜೆ ಬೇಕು ಅಂತ ಕೇಳಿದಾಗ ನಮ್ಮ ಮ್ಯಾನೇಜರ್, "ಬೀಚಿಗಾ?" ಅಂದರು. "ಇಲ್ಲ, ಗ್ವಾಟೆಮಾಲಾಕ್ಕೆ, ಒಲೆ ಕಟ್ಟೋಕೆ" ಅಂದೆ. ನಕ್ಕು ರಜೆ ಕೊಟ್ಟರು. ಊರಿಗೆ ಫೋನ್ ಮಾಡಿ ಅದನ್ನೇ ಹೇಳಿದರೆ ಅವ್ವ ನಗಲಿಲ್ಲ. "ಅಲ್ಲವಾ, ಇಲ್ಲಿದ್ದಾಗ ಒಂದಿನ ಒಲಿ ಮುಂದ ಕುಂತಾಕಿ ಅಲ್ಲ ನೀ. ಅಷ್ಟು ದೂರ ಹೋಗಿ ಒಲಿ ಕಟ್ಟತೀ?" ಅಂದಳು.

ಡಲ್ಲಾಸ್‌ನಲ್ಲಿ ನಾನು ಭಾನುವಾರ ಹೋಗುವ ಚರ್ಚಿನಿಂದ ಪ್ರತಿ ಜುಲೈನಲ್ಲಿ ಒಂದು ತಂಡ ಹೊರಡುತ್ತೆ. ಅಮೆರಿಕದ ಚರ್ಚುಗಳಲ್ಲಿ ಇದು ಬಹಳ ಮಾಮೂಲು. ವಾರ, ಹತ್ತು ದಿನ ಯಾವುದೋ ಬಡ ದೇಶಕ್ಕೆ ಹೋಗೋದು, ಒಂದು ಗೋಡೆ ಕಟ್ಟೋದು, ಮಕ್ಕಳಿಗೆ ಬೈಬಲ್ ಕಥೆ ಹೇಳೋದು, ವಾಪಸ್ ಬರೋದು. ಇದಕ್ಕೆ ಶಾರ್ಟ್ ಟರ್ಮ್ ಮಿಷನ್ ಅಂತ ಹೆಸರು. ಎರಡು ವರ್ಷ ಏನೇನೋ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಈ ಸಲ ಹನ್ನೆರಡು ಜನರಲ್ಲಿ ಒಬ್ಬರು ಕಡಿಮೆ ಬಿದ್ದರು, ನಾನು ಸಿಕ್ಕಿಬಿದ್ದೆ.

'ಮಿಷನ್' ಅಂದ ಕೂಡಲೇ ನಿಮ್ಮಲ್ಲಿ ಕೆಲವರ ಹುಬ್ಬು ಮೇಲೇರುತ್ತೆ ಅಂತ ಗೊತ್ತು. ನನಗೂ ಆ ಪದ ಅಷ್ಟು ಹಗುರ ಅಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ನಮ್ಮ ಮುತ್ತಜ್ಜ ಅಕ್ಷರ ಕಲಿತದ್ದು ಅವರ ಶಾಲೆಯಲ್ಲಿ. ಅಂದರೆ ಯಾರ ಊರಿಗೆ ಮಿಷನ್ ಬಂದಿತ್ತೋ ಅವರ ಮರಿಮೊಮ್ಮಗಳು ನಾನು, ಈಗ ಇನ್ನೊಬ್ಬರ ಊರಿಗೆ ಹೊರಟವಳು. ಆದರೆ ಅವರು ಬಂದದ್ದು ಹತ್ತು ದಿನಕ್ಕಲ್ಲ. ಕಿಟೆಲ್ ಬಂದದ್ದು 1853ರಲ್ಲಿ, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ನಾನು ಮೊಬೈಲ್ ಆ್ಯಪಿನಲ್ಲಿ ಮೂರು ವಾರ ಸ್ಪ್ಯಾನಿಶ್ ಕಲಿತು, 'ಸೇಬು ಕೆಂಪಗಿದೆ' ಅನ್ನೋ ಮಟ್ಟಕ್ಕೆ ಬಂದು ವಿಮಾನ ಹತ್ತಿದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ. ಅಲ್ಲಿ ಹೊಸದಾಗಿ ಕ್ರೈಸ್ತರನ್ನಾಗಿ ಮಾಡೋಕೆ ಯಾರೂ ಇಲ್ಲ. ಸ್ಪೇನಿನವರು ಹದಿನಾರನೇ ಶತಮಾನದಲ್ಲೇ ಶಿಲುಬೆ ಹಿಡಿದು ಬಂದಿದ್ದರು. ಆಮೇಲೆ 1976ರ ಫೆಬ್ರವರಿ 4ರ ಭೂಕಂಪದಲ್ಲಿ ಸುಮಾರು 23,000 ಜನ ಸತ್ತಾಗ, ಅದರಲ್ಲೂ ಚಿಮಾಲ್ತೆನಾಂಗೊ ಪ್ರಾಂತ್ಯ ನೆಲಸಮ ಆದಾಗ, ಪರಿಹಾರದ ಜೊತೆಗೆ ಅಮೆರಿಕದ ಎಷ್ಟೋ ಚರ್ಚುಗಳು ಬಂದವು. ನಾವು ಹೋದದ್ದು ಅದೇ ಪ್ರಾಂತ್ಯದ ಒಂದು ಹಳ್ಳಿಗೆ. ಅಲ್ಲಿನವರು ಮಾಯಾ ಜನಾಂಗದ ಕಕ್ಚಿಕೆಲ್ ಭಾಷೆಯವರು. ನಮಗಿಂತ ಹೆಚ್ಚು ಹೊತ್ತು ಪ್ರಾರ್ಥನೆ ಮಾಡುವ ಜನ.

ದಿನ ಶುರುವಾಗುತ್ತಿದ್ದದ್ದು ಐದೂವರೆಗೆ, ಕೋಳಿಯಿಂದ. ಜುಲೈ ಅಂದರೆ ಅಲ್ಲಿ ಮಳೆಗಾಲ. ಎರಡು ಸಾವಿರ ಮೀಟರಿಗಿಂತ ಎತ್ತರದ ಊರು, ಬೆಳಗಿನ ಚಳಿಗೆ ಹಲ್ಲು ಕಟಕಟ. ಅತಿಥಿಗೃಹದ ಬಚ್ಚಲಲ್ಲಿ ಷವರಿನ ಬಾಯಿಗೇ ಹೀಟರ್, ಅದರಿಂದ ಎರಡು ವೈರು ಹೊರಗೆ ಇಣುಕುತ್ತಿದ್ದವು. ಮೊದಲ ದಿನ ಅದನ್ನು ನೋಡಿ, ಎಂಜಿನಿಯರಿಂಗ್ ಓದಿದ್ದಕ್ಕೆ ಮೊದಲ ಬಾರಿಗೆ ಪಶ್ಚಾತ್ತಾಪ ಪಟ್ಟು, ಬಕೆಟಿನಲ್ಲಿ ತಣ್ಣೀರು ಹೊಯ್ದುಕೊಂಡೆ. ಮೂರನೇ ದಿನ ವೈರು, ಪ್ರಾಣ ಎರಡನ್ನೂ ದೇವರಿಗೆ ಒಪ್ಪಿಸಿ ಬಿಸಿನೀರಿಗೆ ನಿಂತೆ.

ಆರೂವರೆಗೆ ಎಲ್ಲರೂ ಸುತ್ತ ಕೂತು ಬೈಬಲ್ ಓದು, ಪ್ರಾರ್ಥನೆ. ಆಮೇಲೆ ತಿಂಡಿ: ಕಪ್ಪು ಹುರುಳಿ ತರಹದ ಕಾಳನ್ನು ಅರೆದು ಹುರಿದದ್ದು, ಮೊಟ್ಟೆ, ಹುರಿದ ಬಾಳೆಹಣ್ಣು, ತೋರ್ತಿಯಾ. ಮಧ್ಯಾಹ್ನವೂ ತೋರ್ತಿಯಾ, ರಾತ್ರಿಯೂ ತೋರ್ತಿಯಾ. ನಮ್ಮ ತಂಡದ ಹುಡುಗರು ನಾಲ್ಕನೇ ದಿನಕ್ಕೆ ಬರ್ಗರ್ ಬರ್ಗರ್ ಅಂತ ಜಪಿಸೋಕೆ ಶುರುಮಾಡಿದರು. ನನಗೇನೂ ಅನ್ನಿಸಲಿಲ್ಲ, ಮೂರು ಹೊತ್ತು ರೊಟ್ಟಿ ತಿಂದು ಬೆಳೆದವಳು. ಬ್ಯಾಗಿನಲ್ಲಿ ಶೇಂಗಾ ಚಟ್ನಿಪುಡಿ ಇತ್ತು. ಐದನೇ ದಿನ ಡಬ್ಬಿ ಹೊರಗೆ ತೆಗೆದೆ, ಆರನೇ ದಿನ ಖಾಲಿ.

ಪಾಲಿಸಬೇಕಾದ ನಿಯಮಗಳು ಒಂದು ಪುಟ. ನಲ್ಲಿ ನೀರು ಬಾಯಿಗೆ ಹಾಕುವಂತಿಲ್ಲ, ಹಲ್ಲುಜ್ಜೋಕೂ ಇಲ್ಲ. ಒಬ್ಬೊಬ್ಬರೇ ತಿರುಗುವಂತಿಲ್ಲ. ಕೇಳದೆ ಯಾರ ಫೋಟೋನೂ ತೆಗೆಯುವಂತಿಲ್ಲ. ಮಕ್ಕಳ ಕೈಗೆ ನೇರವಾಗಿ ದುಡ್ಡು, ಉಡುಗೊರೆ ಕೊಡುವಂತಿಲ್ಲ. ಎಲ್ಲರಿಗೂ ಒಂದೇ ನೀಲಿ ಟೀ ಶರ್ಟು. ಹಳ್ಳಿಯ ದಾರಿಯಲ್ಲಿ ನಾವು ಸಾಲಾಗಿ ಹೋಗುವಾಗ, ನಮ್ಮೂರ ಕನ್ನಡ ಶಾಲೆ ಮಕ್ಕಳನ್ನು ದನಿಯೆತ್ತದಂತೆ ಪ್ರವಾಸಕ್ಕೆ ಕರೆದೊಯ್ದ ಹಾಗೇ ಕಾಣುತ್ತಿತ್ತು.

ಬೆಳಿಗ್ಗೆ ಒಲೆ ಕಟ್ಟೋದು. ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಮಳೆ. ಮಳೆ ಹೊತ್ತಿನಲ್ಲಿ ಚರ್ಚಿನ ತಗಡಿನ ಶೆಡ್ಡಿನಡಿ ಮಕ್ಕಳಿಗೆ ಹಾಡು, ಬೊಂಬೆಯಾಟ. ತಗಡಿನ ಮೇಲೆ ಬೀಳುವ ಮಳೆಯಲ್ಲಿ ನೋಹನ ಕಥೆ ಹೇಳೋಕೆ ಹೆಚ್ಚು ವರ್ಣನೆ ಬೇಕಾಗಲಿಲ್ಲ. ರಾತ್ರಿ ಊಟದ ನಂತರ ಒಬ್ಬೊಬ್ಬರೂ ದಿನದಲ್ಲಿ ಮನಸ್ಸಿಗೆ ತಟ್ಟಿದ್ದು, ಬೇಜಾರಾದದ್ದು ಹೇಳಬೇಕು. ಆಫೀಸಿನ ಸ್ಟ್ಯಾಂಡ್ ಅಪ್ ಮೀಟಿಂಗ್ ಇದ್ದ ಹಾಗೆ, ಆದರೆ ಕಣ್ಣೀರು ಜಾಸ್ತಿ.

ಭಾನುವಾರದ ಆರಾಧನೆ ಮೂರು ಗಂಟೆ. ಪುಟ್ಟ ಚರ್ಚು, ದೊಡ್ಡ ಸ್ಪೀಕರು. ಪಾಸ್ಟರ್ ನಮ್ಮನ್ನೆಲ್ಲ ಮುಂದೆ ಕರೆದು ಪರಿಚಯಿಸುತ್ತ ನನ್ನ ಸರದಿ ಬಂದಾಗ 'ಎರ್ಮಾನಾ ಇಂದೂ' ಅಂದರು. ಎರ್ಮಾನಾ ಅಂದರೆ ಸೋದರಿ. ಆ ಕಡೆಯ ಸ್ಪ್ಯಾನಿಶ್‌ನಲ್ಲಿ ಭಾರತದವರನ್ನೆಲ್ಲ 'ಹಿಂದೂ' ಅಂತಾರೆ, 'ಹ' ಉಚ್ಚಾರ ಮಾಡಲ್ಲ. ನಾಲ್ಕು ತಲೆಮಾರಿನಿಂದ ಊರಲ್ಲಿ 'ಮಿಷನ್ನಿನವರು' ಅಂತ ಕರೆಸಿಕೊಂಡ ಮನೆಯವಳು, ಚರ್ಚಿನೊಳಗೆ ಹಿಂದೂ ಸೋದರಿಯಾಗಿ ಆಶೀರ್ವಾದ ತಗೊಂಡೆ. ಅವ್ವನಿಗೆ ಹೇಳಿದೆ. ಈ ಸಲ ನಕ್ಕಳು.

ಈಗ ಒಲೆಗೆ ಬರ್ತೀನಿ.

ಆ ಹಳ್ಳಿಯ ಮನೆಗಳಲ್ಲಿ ಅಡುಗೆ ನೆಲದ ಮೇಲೆ, ಮೂರು ಕಲ್ಲಿನ ನಡುವೆ. ಕಿಟಕಿ ಇಲ್ಲ. ಹೊಗೆ ತೊಲೆಗೆ ಹತ್ತಿ, ತೊಲೆಯೆಲ್ಲ ಎಣ್ಣೆ ಸವರಿದ ಹಾಗೆ ಕರ್ರಗೆ ಮಿರುಗುತ್ತೆ. ಮಕ್ಕಳಿಗೆ ಕೆಮ್ಮು, ಹೆಂಗಸರಿಗೆ ಕೆಂಗಣ್ಣು. ನಾವು ಕಟ್ಟುತ್ತಿದ್ದದ್ದು ಸಿಮೆಂಟ್ ಬ್ಲಾಕು, ಇಟ್ಟಿಗೆಯ ಸೊಂಟದೆತ್ತರದ ಒಲೆ. ಮೇಲೆ ಕಬ್ಬಿಣದ ತಗಡು, ಹಿಂದೆ ಹೊಗೆ ಹೋಗೋಕೆ ಚಿಮಣಿ ಕೊಳವೆ. ಆ ತಗಡಿಗೆ ಪ್ಲಾಂಚಾ ಅಂತಾರೆ.

ಕಟ್ಟುತ್ತಿದ್ದೆವು ಅಂದೆನಲ್ಲ, ಅದು ಸ್ವಲ್ಪ ಉತ್ಪ್ರೇಕ್ಷೆ. ಕಟ್ಟುತ್ತಿದ್ದದ್ದು ಸ್ಥಳೀಯ ಗೌಂಡಿ. ನಾವು ನಾಲ್ಕು ಜನ ಗಾರೆ ಕಲಸಿ, ಬ್ಲಾಕು ಹೊತ್ತು, ಒಂದು ಸಾಲು ಇಟ್ಟರೆ ಆತ ರಸಮಟ್ಟ ಇಟ್ಟು ನೋಡಿ ಏನೂ ಮಾತಾಡದೆ ಎರಡು ಬ್ಲಾಕು ಕಿತ್ತು ಮತ್ತೆ ಕೂರಿಸುತ್ತಿದ್ದ. ನಾವಿಲ್ಲದಿದ್ದರೆ ಆತನ ಕೆಲಸ ಬೇಗ ಮುಗಿಯುತ್ತಿತ್ತು ಅನ್ನೋದು ಎರಡನೇ ದಿನಕ್ಕೇ ಅರ್ಥವಾಯಿತು. ಆ ರಾತ್ರಿ ಹಾಸಿಗೆಯಲ್ಲಿ ಬೇಡದ ಲೆಕ್ಕ ಒಂದು ಹಾಕಿದೆ. ತಲೆಗೆ 1,850 ಡಾಲರ್, ಹನ್ನೆರಡು ಜನಕ್ಕೆ 22,200. ಒಂದು ಒಲೆಯ ಸಾಮಾನು 180. ನಾವು ಮನೆಯಲ್ಲೇ ಇದ್ದು ದುಡ್ಡು ಕಳಿಸಿದ್ದರೆ ಸಾಮಾನಿನ ಲೆಕ್ಕದಲ್ಲಿ 123 ಒಲೆ. ನಮ್ಮ ಗುರಿ ಇದ್ದದ್ದು ಹತ್ತು.

ತಂಡದ ಮುಖ್ಯಸ್ಥರು ನಿವೃತ್ತ ಶಾಲಾ ಶಿಕ್ಷಕರು, ಎಲ್ಲರೂ ಹೆಸರು ಹಿಡಿದೇ ಕರೀತಾರೆ. ನನಗೆ ಬಾಯಿ ಬರಲ್ಲ, ಇಲ್ಲೂ ಮೇಷ್ಟ್ರು ಅಂತಲೇ ಬರೀತೀನಿ. ಮೊದಲ ದಿನವೇ ಮೇಷ್ಟ್ರು ನಮ್ಮನ್ನು ಒಂದು ಮನೆಗೆ ಕರೆದುಕೊಂಡು ಹೋಗಿದ್ದರು, ಹಿಂದಿನ ವರ್ಷ ಕಟ್ಟಿದ ಒಲೆ ತೋರಿಸೋಕೆ. ಒಲೆ ಚೆನ್ನಾಗಿ ಉರಿಯುತ್ತಿತ್ತು. ಮೇಲೆ ಕಾಫಿ ಪಾತ್ರೆ. ಮನೆಯಾಕೆ ಕೈಯಲ್ಲಿ ನೇಯ್ದ ಹೂವಿನ ರವಿಕೆ ಹಾಕಿ ಪಕ್ಕದಲ್ಲಿ ನಿಂತು ನಕ್ಕಳು. ಫೋಟೋ ತೆಗೆದೆವು. ಅಮೆರಿಕದಲ್ಲಿ ತೋರಿಸುವ ಸ್ಲೈಡುಗಳ ಜವಾಬ್ದಾರಿ ನನ್ನದು, ಇದೇ ಮೊದಲ ಸ್ಲೈಡು ಅಂತ ಗುರುತು ಹಾಕಿಕೊಂಡೆ.

ನಾಲ್ಕನೇ ದಿನ ಮಳೆ ಹನ್ನೊಂದಕ್ಕೇ ಬಂತು. ದುಭಾಷಿ ಹುಡುಗಿ, ನಾನು ಇಬ್ಬರೂ ಓಡಿ ಹತ್ತಿರದ ಬಾಗಿಲು ತಟ್ಟಿದರೆ ಅದೇ ಮನೆ. ಒಳಗೆ ಹೊಗೆ. ಮೂಲೆಯಲ್ಲಿ ನೆಲದ ಮೇಲೆ ಮೂರು ಕಲ್ಲಿನ ಒಲೆ ಉರಿಯುತ್ತಿದೆ, ಸುತ್ತ ಮೂರು ಮಕ್ಕಳು, ಒಬ್ಬ ಅಜ್ಜಿ. ನಮ್ಮ ಸಿಮೆಂಟಿನ ಒಲೆಯ ಮೇಲೆ ಗೋವಿನಜೋಳದ ತೆನೆ ರಾಶಿ, ಒಂದು ರೇಡಿಯೋ, ಬುಟ್ಟಿಯೊಳಗೆ ಕಾವಿಗೆ ಕೂತ ಕೋಳಿ.

ದುಭಾಷಿಯ ಮುಖ ಸಣ್ಣದಾಯಿತು. ಮನೆಯಾಕೆಯದು ಇನ್ನೂ ಸಣ್ಣದು. ನನಗೆ ಮಾತ್ರ, ತಪ್ಪು ತಿಳಿಯಬೇಡಿ, ನಗು ಬಂತು. ಯಾಕಂದರೆ ಆ ಕೋಳಿಯನ್ನು ನಾನು ಗದಗಿನ ಹತ್ತಿರ ನಮ್ಮ ಅಜ್ಜಿಯ ಮನೆಯಲ್ಲಿ ನೋಡಿದ್ದೆ.

ನಿಮ್ಮಲ್ಲಿ ಹಳ್ಳಿ ಮನೆ ಇದ್ದವರಿಗೆ ಅಸ್ತ್ರ ಒಲೆ ನೆನಪಿರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಶುರುಮಾಡಿದ 'ಅಸ್ತ್ರ' ಕೇಂದ್ರದವರು ರೂಪಿಸಿದ, ಮೂರು ಪಾತ್ರೆ ಇಡುವ, ಹೊಗೆ ಕೊಳವೆಯ ಮಣ್ಣಿನ ಒಲೆ. ಕಟ್ಟಿಗೆ ಉಳಿಸುವ ಒಳ್ಳೆ ವಿನ್ಯಾಸ. ಎಂಬತ್ತರ ದಶಕದಲ್ಲಿ ಹಳ್ಳಿಹಳ್ಳಿಗೂ ಕಟ್ಟಿಸಿದರು. ನಾನು ಕಣ್ಣು ಬಿಡುವ ಹೊತ್ತಿಗೆ ಅಜ್ಜಿಯ ಅಸ್ತ್ರ ಒಲೆಯ ಮೇಲೆ ಉಪ್ಪಿನ ಗಡಿಗೆ, ಕಂದೀಲು, ಕಾವಿಗೆ ಕೂತ ಕೋಳಿ. ಅಜ್ಜಿ ರೊಟ್ಟಿ ಸುಡುತ್ತಿದ್ದದ್ದು ಪಕ್ಕದ ಹಳೇ ಒಲೆಯಲ್ಲಿ, ಕಣ್ಣೊರೆಸಿಕೊಳ್ಳುತ್ತ.

"ಒಲೆ ಹೇಗಿದೆ?" ಅಂತ ಕೇಳಿಸಿದೆ. ಇಂಗ್ಲಿಷಿನಿಂದ ಸ್ಪ್ಯಾನಿಶಿಗೆ ದುಭಾಷಿ, ಸ್ಪ್ಯಾನಿಶಿನಿಂದ ಕಕ್ಚಿಕೆಲ್‌ಗೆ ಆ ಮನೆಯ ದೊಡ್ಡ ಮಗಳು. ಉತ್ತರ ಅದೇ ದಾರಿಯಲ್ಲಿ ವಾಪಸ್ ಬಂತು: "ತುಂಬಾ ಚೆನ್ನಾಗಿದೆ, ದೇವರಿಗೆ ಸ್ತೋತ್ರ." ಮತ್ತೇನು ಹೇಳ್ತಾಳೆ, ಪಾಪ.

ನಾನು ನೆಲದ ಮೇಲೆ ಕೂತೆ. ಅಜ್ಜಿ ತೋರ್ತಿಯಾ ತಟ್ಟುತ್ತಿದ್ದರು, ಎರಡು ಅಂಗೈ ನಡುವೆ, ಪಟಪಟ ಸದ್ದು. ನನಗೂ ಒಂದು ಉಂಡೆ ಕೊಟ್ಟರು. ಜೋಳದ ರೊಟ್ಟಿ ಬಡಿಯೋಕೇ ಬರದವಳು ನಾನು, ನನ್ನದು ಶ್ರೀಲಂಕಾ ನಕ್ಷೆ ಆಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಆಗ ನಮ್ಮ ಅಜ್ಜಿಯ ಒಲೆಯ ಕಥೆ ಹೇಳಿದೆ, ಕೋಳಿ ಸಮೇತ. ಎರಡು ಭಾಷೆ ದಾಟಿ ಕೋಳಿ ಅಲ್ಲಿಗೆ ಮುಟ್ಟಿದಾಗ ಮನೆಯಾಕೆ ಸೆರಗಿನಂಥ ಶಾಲಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಒಂದೊಂದಾಗಿ ಬಂತು.

ಗೋವಿನಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸುವ ಹಂಡೆ ದೊಡ್ಡದು, ಆ ಎತ್ತರಕ್ಕೆ ಎತ್ತೋಕಾಗಲ್ಲ. ಒಲೆ ಅಮೆರಿಕದವರ ಸೊಂಟಕ್ಕೆ ಸರಿಯಾಗಿದೆ, ಆಕೆಯ ಎದೆಗೆ ಬರುತ್ತೆ. ಬಾಯಿ ಚಿಕ್ಕದು, ಕಟ್ಟಿಗೆ ಸಣ್ಣಗೆ ಸೀಳಬೇಕು, ಸೀಳುವ ಗಂಡ ಪಟ್ಟಣದಲ್ಲಿ ಕೆಲಸಕ್ಕೆ. ರಾತ್ರಿ ಚಳಿಗೆ ಮಕ್ಕಳು ಎಲ್ಲಿ ಕೂರಬೇಕು? ಸಿಮೆಂಟಿನ ಡಬ್ಬದ ಸುತ್ತ ಯಾರು ಕೂರ್ತಾರೆ? ತೊಲೆಗೆ ಕಟ್ಟಿದ ಬೀಜದ ತೆನೆಗೆ ಹೊಗೆ ಬೇಕು, ಇಲ್ಲದಿದ್ದರೆ ನುಸಿ ಬೀಳುತ್ತೆ. ಇಷ್ಟಾದರೂ ಮೊದಲ ಏಳೆಂಟು ತಿಂಗಳು ಬಳಸಿದ್ದಳಂತೆ. ಆಮೇಲೆ ಹೊಗೆ ಚಿಮಣಿಯಲ್ಲಿ ಹೋಗದೆ ಬಾಯಿಂದಲೇ ವಾಪಸ್ ಬರೋಕೆ ಶುರುವಾಯಿತು. ಮಸಿ ಕಟ್ಟಿಕೊಂಡಿದೆ ಅಂತ ಗೊತ್ತಿತ್ತು, ಬಿಚ್ಚೋದು ಹೇಗೆ ಅಂತ ಯಾರೂ ತೋರಿಸಿರಲಿಲ್ಲ.

"ಮತ್ತೆ ಮೊನ್ನೆ ಉರೀತಿತ್ತಲ್ಲ?"

ಈ ಪ್ರಶ್ನೆಗೆ ದೊಡ್ಡ ಮಗಳೇ ಉತ್ತರ ಕೊಟ್ಟಳು, ಅಮ್ಮನನ್ನು ಕೇಳದೆ. "ನಿಮ್ಮ ವ್ಯಾನು ಬರುತ್ತೆ ಅಂತ ಪಾಸ್ಟರ್ ಹೇಳಿ ಕಳಿಸ್ತಾರೆ. ಆಗ ಕೋಳಿ ಇಳಿಸಿ ಹಚ್ಚುತ್ತೇವೆ."

ಮಳೆ ನಿಂತಿತು. ಕಕ್ಚಿಕೆಲ್‌ನಲ್ಲಿ ನನಗೆ ಗೊತ್ತಿದ್ದ ಒಂದೇ ಪದ 'ಮತ್ಯೋಶ್', ಧನ್ಯವಾದ. ಹೇಳಿ ಹೊರಟೆ. ಅಜ್ಜಿ ನನ್ನ ಶ್ರೀಲಂಕಾವನ್ನು ಬಟ್ಟೆಯಲ್ಲಿ ಸುತ್ತಿ ಕೈಗಿಟ್ಟರು.

ಆ ರಾತ್ರಿ ಹೇಳಲೋ ಬೇಡವೋ ಅಂತ ಬಹಳ ಒದ್ದಾಡಿದೆ. ಸುತ್ತ ಕೂತವರಲ್ಲಿ ಹದಿನೇಳರ ಹುಡುಗಿಯೊಬ್ಬಳು ಇಡೀ ವರ್ಷ ಮಕ್ಕಳನ್ನು ನೋಡಿಕೊಂಡು ದುಡಿದ ದುಡ್ಡಲ್ಲಿ ಬಂದಿದ್ದಳು. ಮೇಷ್ಟ್ರು ಏಳನೇ ಸಲ ಬಂದಿದ್ದರು. ಅವರ ನಂಬಿಕೆ ತೋರಿಕೆಯದಲ್ಲ, ಪ್ರತಿ ಮನೆಯ ಮಕ್ಕಳ ಹೆಸರು ಬರೆದಿಟ್ಟುಕೊಂಡು ಡಲ್ಲಾಸ್‌ನಲ್ಲಿ ದಿನಾ ಪ್ರಾರ್ಥಿಸುವವರು. ಆದರೂ ಹೇಳಿದೆ. ಯಾರೂ ಮಾತಾಡಲಿಲ್ಲ. ಒಬ್ಬರು "ಒಂದು ಮನೆ ನೋಡಿ ಎಲ್ಲಾ ಹೀಗೇ ಅನ್ನೋಕಾಗಲ್ಲ" ಅಂದರು. ನಿಜ. ಮೇಷ್ಟ್ರು ಏನೂ ಅನ್ನದೆ ಎದ್ದು ಹೋದರು. ಅವರ ಬೆನ್ನು ನೋಡಿ, ಬಾಯಿ ಮುಚ್ಚಿಕೊಂಡು ಇರಬೇಕಿತ್ತು ಅನ್ನಿಸಿತು.

ನಿದ್ದೆ ಬರದೆ ಮೊಬೈಲಿನಲ್ಲಿ ಹುಡುಕುತ್ತ ಕೂತೆ. ಗ್ವಾಟೆಮಾಲಾದ ಸ್ಯಾನ್ ಮಾರ್ಕೋಸ್ ಬೆಟ್ಟಗಳಲ್ಲಿ ಇಂಥದೇ ಒಲೆಯ ಮೇಲೆ ಐನೂರಕ್ಕೂ ಹೆಚ್ಚು ಮನೆಗಳಲ್ಲಿ ಅಧ್ಯಯನ ಆಗಿದೆ, ಫಲಿತಾಂಶ 2011ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದಿದೆ. ಅದರ ಹಿಂದೆ ಇದ್ದ ಕರ್ಕ್ ಸ್ಮಿತ್ ಅನ್ನೋ ವಿಜ್ಞಾನಿ ಅಡುಗೆಮನೆ ಹೊಗೆ ಅಳೆಯೋಕೆ ಶುರುಮಾಡಿದ್ದು ಎಂಬತ್ತರ ದಶಕದ ಮೊದಲಲ್ಲಿ ನಮ್ಮ ಗುಜರಾತಿನ ಹಳ್ಳಿಗಳಲ್ಲಿ. ಚಿಮಣಿ ಒಲೆ ಕೊಟ್ಟ ಮನೆಗಳಲ್ಲಿ ಮಕ್ಕಳ ಮೈಗೆ ತಾಗುವ ಹೊಗೆ ಅರ್ಧಕ್ಕೆ ಇಳಿದಿತ್ತು, ತೀವ್ರ ನ್ಯುಮೋನಿಯಾ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿತ್ತು. ಅಂದರೆ ಒಲೆ ಸುಳ್ಳಲ್ಲ. ಆದರೆ ಅಲ್ಲಿ ಸ್ಥಳೀಯ ಕಾರ್ಯಕರ್ತರು ವಾರ ವಾರ ಮನೆಗೆ ಹೋಗುತ್ತಿದ್ದರು, ಒಲೆ ಕೆಟ್ಟಿದ್ದರೆ ರಿಪೇರಿ ಆಗುತ್ತಿತ್ತು. ನನ್ನ 123ರ ಲೆಕ್ಕದಲ್ಲೂ ಅದೇ ಇರಲಿಲ್ಲ. ದುಡ್ಡು ಕಳಿಸಿದ್ದರೆ 123 ಕೋಳಿ ಕಾವಿಗೆ ಕೂರುತ್ತಿದ್ದವೇನೋ.

ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಮೇಷ್ಟ್ರು ಗೌಂಡಿಯನ್ನು ಕರೆಸಿ ಕೂರಿಸಿದರು. "ನಿನಗೆ ಇದು ಗೊತ್ತಿತ್ತಾ?" ಗೌಂಡಿ ಟೋಪಿ ಕೈಯಲ್ಲಿ ಹಿಡಿದು ತಿರುಗಿಸುತ್ತ ಹೇಳಿದ, ಗೊತ್ತಿತ್ತು. ಯಾಕೆ ಹೇಳಲಿಲ್ಲ? "ನೀವು ಕಟ್ಟೋಕೆ ಕೂಲಿ ಕೊಟ್ಟಿರಿ. ಕಟ್ಟಿದೆ." ಆಮೇಲೆ, ಸ್ವಲ್ಪ ತಡೆದು: "ಮತ್ತೆ ನಿಮಗೆ ಬೇಜಾರಾಗಿ ಮುಂದಿನ ವರ್ಷ ಬರದೇ ಹೋದರೆ?" ಆತನಿಗೆ ಜುಲೈ ಅಂದರೆ ಖಾತ್ರಿ ಕೂಲಿ.

ಆ ದಿನ, ಮರುದಿನ ಹೊಸ ಒಲೆ ನಿಲ್ಲಿಸಿದೆವು. ಹಳೇ ಒಲೆಗಳ ಮನೆ ಹನ್ನೊಂದಕ್ಕೆ ಹೋದೆವು, ಮುಂಚೆ ಹೇಳಿ ಕಳಿಸದೆ. ಐದು ಮನೆಯಲ್ಲಿ ದಿನಾ ಉರಿಯುತ್ತಿತ್ತು, ನೋಡಿ ಮೇಷ್ಟ್ರ ಮುಖಕ್ಕೆ ಜೀವ ಬಂತು. ಮೂರರಲ್ಲಿ ಆಗೊಮ್ಮೆ ಈಗೊಮ್ಮೆ. ಮೂರು ಪೂರ್ತಿ ಅಟ್ಟ. ಉದ್ದ ಕೋಲಿಗೆ ಹಳೇ ಬಟ್ಟೆ ಕಟ್ಟಿ ಏಳು ಚಿಮಣಿ ಉಜ್ಜಿದೆವು. ಉಜ್ಜಿದೆವು ಅನ್ನೋದಕ್ಕಿಂತ ಹೇಗೆ ಬಿಚ್ಚಿ ಉಜ್ಜಬೇಕು ಅಂತ ಗೌಂಡಿ ಆ ಮನೆ ಹೆಂಗಸರಿಗೆ ತೋರಿಸಿದ, ನಾವು ಕೆಳಗೆ ನಿಂತು ತಲೆ ಮೇಲೆ ಮಸಿ ಬೀಳಿಸಿಕೊಂಡೆವು. ನೀಲಿ ಟೀ ಶರ್ಟುಗಳ ಕಥೆ ಅಲ್ಲಿಗೆ ಮುಗಿಯಿತು. ಆ ಎರಡು ದಿನದಲ್ಲಿ ನಾವು ತಿಂದಷ್ಟು ತೋರ್ತಿಯಾ, ನಕ್ಕಷ್ಟು ನಗು ಮೊದಲ ನಾಲ್ಕು ದಿನದಲ್ಲಿ ಇರಲಿಲ್ಲ. ಉಳಿದ ದಿನಗಳಲ್ಲಿ ಕಟ್ಟಿದ ಒಲೆಗಳಿಗೆ ಮೊದಲು ಮನೆಯಾಕೆಯನ್ನು ನಿಲ್ಲಿಸಿ, ಆಕೆಯ ಮೊಣಕೈಯಿಂದ ಎತ್ತರ ಅಳೆದರು. ಒಂದು ಸಾಲು ಬ್ಲಾಕು ಕಡಿಮೆಯಾಯಿತು. ದೊಡ್ಡ ಹಂಡೆಗೆ ಹೊರಗೆ ಸೂರಿನಡಿ ಹಳೇ ಮೂರು ಕಲ್ಲು ಇರಲಿ ಅಂತ ಒಪ್ಪಂದ. ಚಳಿ ಕಾಯಿಸುವ ಪ್ರಶ್ನೆಗೆ, ಬೀಜದ ನುಸಿಗೆ ನಮ್ಮಲ್ಲಿ ಯಾರಲ್ಲೂ ಉತ್ತರ ಇರಲಿಲ್ಲ, ಅದು ಹಾಗೇ ಉಳಿಯಿತು. ಹತ್ತು ಅಂತ ಹೋದವರು ಏಳು ಕಟ್ಟಿ ಬಂದೆವು.

ಡಲ್ಲಾಸ್‌ನಲ್ಲಿ ಸ್ಲೈಡು ಹಾಕಿದ ದಿನ ಮೊದಲನೆಯದು ಉರಿಯುವ ಒಲೆ, ಎರಡನೆಯದು ಕೋಳಿ. ಮನೆಯಾಕೆಯನ್ನು ಕೇಳಿಯೇ ತೆಗೆದ ಫೋಟೋ. ಆಕೆಯ ಮುಖ ಇಲ್ಲ, ಕೋಳಿಯದು ಮಾತ್ರ. ಜನ ನಕ್ಕರು, ಆಮೇಲೆ ನಗು ನಿಂತಿತು. ಲೆಕ್ಕಪತ್ರ ನೋಡುವವರು, ಹೋದ ವರ್ಷಕ್ಕಿಂತ ಯಾಕೆ ಕಡಿಮೆ ಅಂತ ಕೇಳಿದರು. ಮೇಷ್ಟ್ರೇ ಎದ್ದು ಉತ್ತರ ಹೇಳಿದರು. ಮುಂದಿನ ವರ್ಷ ಎಂಟೇ ಜನ ಹೋಗೋದು, ಉಳಿದ ನಾಲ್ವರ ಖರ್ಚಲ್ಲಿ ಗೌಂಡಿಗೆ ಎರಡು ತಿಂಗಳಿಗೊಮ್ಮೆ ಒಲೆ ನೋಡಿಕೊಂಡು ಬರೋಕೆ ಕೂಲಿ ಅಂತ ಒಂದು ಮಾತು ಎದ್ದಿದೆ. ಇನ್ನೂ ಪಾಸಾಗಿಲ್ಲ. ಎಂಟು ಜನರಲ್ಲಿ ನಾನಿರ್ತೀನೋ ಇಲ್ಲವೋ ಗೊತ್ತಿಲ್ಲ.

ಅವ್ವನಿಗೆ ಎಲ್ಲಾ ಹೇಳಿ, ಅಜ್ಜಿ ಅಸ್ತ್ರ ಒಲೆ ಯಾಕೆ ಬಿಟ್ಟಳು ಅಂತ ಕೇಳಿದೆ. ಇಷ್ಟು ವರ್ಷದಲ್ಲಿ ನಾನೂ ಕೇಳಿರಲಿಲ್ಲ.

"ರೊಟ್ಟಿ ಕೆಂಡದ ಮುಂದ ನಿಲ್ಲಿಸಿ ಸುಡಬೇಕಲ್ಲವಾ, ಅದರಾಗ ಎಲ್ಲಿ ನಿಲ್ಲಸತಿ? ಹತ್ತಿಕಟಗಿ ಸಣ್ಣಾಗಿ ಮುರದು ಮುರದು ನಿಮ್ಮ ಅಜ್ಜಿ ಕೈ ಹೊಪ್ಪಳಿ ಎದ್ದಿದ್ದು. ಆದ್ರ ಜೀಪ್ ಬಂದಾಗ ಹಚ್ಚತಿದ್ಲು."

"ಯಾವ ಜೀಪು?"

"ಒಲಿ ನೋಡಾಕ ಸಾಹೇಬ್ರು ಬರತಿದ್ರಲ್ಲ. ಜೀಪಿನ ಸಪ್ಪಳ ಕೇಳಿದ ಕೂಡಲೇ ಕೋಳಿ ಎತ್ತಿ ಹೊರಗ ಹಾಕಿ, ಒಲಿ ಹಚ್ಚಿ, ಅದರ ಮ್ಯಾಲೆನ ಚಾ ಮಾಡಿ ಕುಡಸತಿದ್ಲು. ಪಾಪ, ಅಷ್ಟು ದೂರದಿಂದ ಬಂದಾರ, ಮನಸಿಗೆ ಬ್ಯಾಸರ ಯಾಕ ಮಾಡೂದು ಅಂತಿದ್ಲು."

ಸ್ವಲ್ಪ ಹೊತ್ತು ಸುಮ್ಮನಿದ್ದು ಅವ್ವನೇ ಮತ್ತೆ ಹೇಳಿದಳು. "ನಿಮ್ಮ ಮೇಷ್ಟ್ರಿಗೆ ಹೇಳವಾ. ಹೋಗೂ ಮುಂದ ಫೋನ್ ಮಾಡಿ ಹೋಗಬ್ಯಾಡ್ರಿ ಅಂತ."